ಪಾಡ್‌ಕಾಸ್ಟ್ | ದೊಡ್ಡಪ್ಪನ ಬಂದೂಕಿಗೆ ಬೆಲೆ ಕಟ್ಟೋದು ಹ್ಯಾಂಗ?

  ಇವತ್ತು ನಮ್ಮ ಮನೆಯದೇ ಒಂದು ಸಾಮಾನಿನ ಕಥೆ ಹೇಳ್ತೀನಿ. ಹಳೇ ಮಿಲಿಟರಿ ಬಂದೂಕಿಗೆ ಸಂಗ್ರಹಕಾರರು ಹೇಗೆ ಬೆಲೆ ಕಟ್ಟುತ್ತಾರೆ ಅನ್ನೋದು ವಿಷಯ. ಆದರೆ ನಾನು ಅದನ್ನು ಕಲಿತದ್ದು ಜಗಳದ ನಡುವೆ. ಹಾಗಾಗಿ ಜಗಳದಿಂದಲೇ ಶುರು ಮಾಡ್ತೀನಿ.

ನಮ್ಮೂರು ಬೈಲಹೊಂಗಲ ಮತ್ತು ಕಿತ್ತೂರಿನ ನಡುವೆ. ದೊಡ್ಡಪ್ಪ ಹೋದ ವರ್ಷ ತೀರಿಕೊಂಡರು. ಅವರ ಮನೆಯ ಪಡಸಾಲೆಯ ಗೋಡೆಗೆ ಎರಡು ಗೂಟ, ಆ ಗೂಟದ ಮೇಲೆ ಒಂದು ಬಂದೂಕು. ನಾನು ಹುಟ್ಟಿದಾಗಿಂದ ಅದು ಅಲ್ಲೇ ಇದೆ. ಊರವರ ಬಾಯಲ್ಲಿ ಅದಕ್ಕೆ ಒಂದೇ ಹೆಸರು, "ರಾಯಣ್ಣನ ಬಂದೂಕು". ಸಂಗೊಳ್ಳಿ ನಮಗೆ ದೂರವೇನಲ್ಲ. ಈ ಭಾಗದಾಗ ಹಳೇ ಕತ್ತಿ, ಹಳೇ ಬಂದೂಕು ಯಾರ ಮನೆಯಲ್ಲಿದ್ದರೂ ಅದು ರಾಯಣ್ಣನದು, ಇಲ್ಲಾಂದ್ರೆ ಚೆನ್ನಮ್ಮಾಜಿಯ ಸೈನ್ಯದ್ದು. ಇದು ನಿಮಗೂ ಗೊತ್ತಿರ್ತದ.

ಆರು ತಿಂಗಳ ಹಿಂದೆ ಹಳೇ ಸಾಮಾನು ಕೊಳ್ಳುವವನೊಬ್ಬ ಬಂದ. ಹಿತ್ತಾಳೆ ಹಂಡೆ, ಕೆತ್ತನೆಯ ಬಾಗಿಲು ಚೌಕಟ್ಟು ಕೇಳ್ಕೊಂಡು ಬಂದವನ ಕಣ್ಣು ಗೋಡೆ ಮೇಲೆ ಬಿತ್ತು. ಮೊಬೈಲ್ ಟಾರ್ಚ್ ಹಾಕಿ ಹಿಂದೆಮುಂದೆ ನೋಡಿದ. "ನಲವತ್ತು ಸಾವಿರ ಕೊಡ್ತೀನಿ" ಅಂದ. ಆಮೇಲೆ ಹೊಸ್ತಿಲ ಹತ್ತಿರ ನಿಂತು ಇನ್ನೊಂದು ಮಾತು ಸೇರಿಸಿದ: "ಇದು ರಾಯಣ್ಣನ ಕಾಲದ್ದು, ತಲಿತಲಾಂತರದಿಂದ ನಮ್ಮನ್ಯಾಗ ಐತಿ ಅಂತ ಒಂದು ಅಫಿಡವಿಟ್ ಮಾಡಿಸಿ ಕೊಟ್ರ ಎರಡು ಲಕ್ಷ."

ನಮ್ಮ ಅಣ್ಣ, ಅಂದ್ರೆ ದೊಡ್ಡಪ್ಪನ ಮಗ, ಅವತ್ತೇ ರಾತ್ರಿ ನನಗೆ ಫೋನ್ ಮಾಡಿದ. ಅವನ ಮಗಳಿಗೆ ನರ್ಸಿಂಗ್ ಸೀಟು ಸಿಕ್ಕಿತ್ತು, ಫೀ ಕಟ್ಟಬೇಕು. "ಒಂದು ಬಾಂಡ್ ಪೇಪರ್ ಮ್ಯಾಲೆ ಸಹಿ ಮಾಡಿದ್ರ ಎರಡು ಲಕ್ಷ ಬರ್ತಾವ. ಊರೆಲ್ಲ ಅದನ್ನ ಹೇಳ್ತೈತಿ, ನಾವೇನ್ ಸುಳ್ಳು ಹೇಳಿದಂಗ ಆಕ್ಕೈತೇನು?" ಅಂದ. ನಾನು ನಾಲ್ಕು ದಿನ ಟೈಮ್ ಕೇಳಿದೆ. ಸವದತ್ತಿಯಲ್ಲಿ ನಮ್ಮ ಕಾಕಾ ಒಬ್ಬರಿದ್ದಾರೆ, ಸೈನ್ಯದಲ್ಲಿ ಆರ್ಮರರ್ ಆಗಿ ಇಪ್ಪತ್ತು ವರ್ಷ ಬಂದೂಕು ರಿಪೇರಿ ಮಾಡಿದವರು. ಅವರನ್ನು ಕರೆಸಿದೆ.

ಕಾಕಾ ಬಂದವರು ಚಹಾ ಕೂಡ ಕುಡಿಯಲಿಲ್ಲ. ಮೊದಲು ಕೇಳಿದ್ದು, "ಇದು ಖಾಲಿ ಐತಿ ಅಂತ ಯಾರ್ ನೋಡೀರಿ?" ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿದ್ವಿ. ಅವರು ಮಕ್ಕಳನ್ನು ಹೊರಗೆ ಕಳಿಸಿ, ನಳಿಗೆಯ ಬಾಯಿ ಗೋಡೆ ಕಡೆ ತಿರುಗಿಸಿ, ಪಕ್ಕಕ್ಕೆ ನಿಂತು ಒಂದು ಕಟ್ಟಿಗೆಯ ಕೋಲನ್ನು ಮೆಲ್ಲಗೆ ಒಳಗೆ ಇಳಿಸಿದರು. ಬಾಯಿಯ ಹತ್ತಿರ ಕೋಲಿಗೆ ಗುರುತು ಹಾಕಿ, ಹೊರಗೆ ತೆಗೆದು, ನಳಿಗೆಯ ಹೊರಮೈಗೆ ಹಿಡಿದು ಅಳೆದರು. ಕೋಲು ತಳ ಮುಟ್ಟಿರಲಿಲ್ಲ. ನಾಲ್ಕು ಬೆರಳು ಕಡಿಮೆ.

ಒಳಗೆ ಮದ್ದು ತುಂಬಿಯೇ ಇತ್ತು. ಯಾವ ಕಾಲದಲ್ಲಿ ಯಾರು ತುಂಬಿದ್ದರೋ ದೇವರಿಗೇ ಗೊತ್ತು.

ಪ್ರತಿ ಮಾನೌಮಿಗೆ ಅದನ್ನು ಕೆಳಗಿಳಿಸಿ ಖಂಡೇ ಪೂಜೆಗೆ ಇಟ್ಟು, ಮಕ್ಕಳ ಕೈಗೆ ಕೊಟ್ಟು ಫೋಟೋ ತೆಗೆಸಿದ್ದೇವೆ. ನಮ್ಮ ತಮ್ಮನ ಮಗ ನಳಿಗೆಯನ್ನು ಗಲ್ಲಕ್ಕೆ ಹಚ್ಚಿಕೊಂಡು ತೆಗೆದ ಸೆಲ್ಫಿ ಈಗಲೂ ಫ್ಯಾಮಿಲಿ ಗ್ರೂಪ್‌ನಲ್ಲಿದೆ. ಅಣ್ಣ ಅದರ ಕೇಪು ಕೂರಿಸುವ ಮೊಳೆ ಅಲುಗಾಡ್ತದೆ ಅಂತ ವೆಲ್ಡಿಂಗ್ ಅಂಗಡಿಗೆ ಒಯ್ಯೋನಿದ್ದ. "ಕರಿಮದ್ದು ಒಣಗಿದ್ದಷ್ಟು ದಿನ ಸಾಯೂದಿಲ್ಲ. ಕೇಪು ಇಲ್ಲ ಅಂತ ಸುಮ್ನಿರಬ್ಯಾಡ್ರಿ, ಒಂದು ಕಿಡಿ ಸಾಕು," ಅಂದ್ರು ಕಾಕಾ. ಅದನ್ನು ಹೇಗೆ ಖಾಲಿ ಮಾಡಿದರು ಅನ್ನೋದನ್ನು ಇಲ್ಲಿ ಹೇಳೋದಿಲ್ಲ. ಯಾಕಂದ್ರೆ ನೀವು ಯಾರೂ ಅದನ್ನು ಮನೆಯಲ್ಲಿ ಮಾಡಬಾರದು. ಚಿಂದಿ ಬಟ್ಟೆ, ಮಣ್ಣಿನಂಥ ಮದ್ದು, ಹದಿನೈದಿಪ್ಪತ್ತು ಸೀಸದ ಚರಿ ಹೊರಗೆ ಬಂದವು. ದೊಡ್ಡವ್ವ ಸೆರಗು ಬಾಯಿಗೆ ಹಿಡಿದು ಕೂತುಬಿಟ್ಟಳು.

ಇಷ್ಟಾದ ಮೇಲೆ ಬೆಲೆಯ ಮಾತು.

ಕಾಕಾ ಮೊದಲು ನೋಡಿದ್ದು ಕುದುರೆಯನ್ನು. ಓಡೋ ಕುದುರೆ ಅಲ್ರಪ್ಪ, ಬಂದೂಕಿನ ಮೇಲೆ ಹಿಂದಕ್ಕೆ ಎಳೆಯುವ ಕೊಕ್ಕೆಗೆ ಕುದುರೆ ಅಂತಾರೆ. ಬಂದೂಕಿಗೆ ಬೆಂಕಿ ಹೇಗೆ ತಗಲುತ್ತದೆ ಅನ್ನೋದರ ಮೇಲೆ ಅದರ ವಯಸ್ಸು ತಿಳಿಯುತ್ತದೆ. ಹಳೇ ಬತ್ತಿ ಬಂದೂಕಿನಲ್ಲಿ ಉರಿಯುವ ಬತ್ತಿಯ ತುದಿ ಇಳಿದು ಮದ್ದಿಗೆ ತಾಗುತ್ತಿತ್ತು. ನಮ್ಮ ದೇಸಾಯಿ, ನಾಡಗೌಡರ ವಾಡೆಗಳಲ್ಲಿ ಇದ್ದವು ಬಹುತೇಕ ಇಂಥವು. ಆಮೇಲೆ ಚಕಮಕಿ ಬಂದೂಕು. ಅದರ ಕುದುರೆಯ ಬಾಯಲ್ಲಿ ಒಂದು ಚಕಮಕಿ ಕಲ್ಲು, ಅದು ಉಕ್ಕಿಗೆ ಬಡಿದು ಕಿಡಿ ಹಾರಿಸುತ್ತದೆ. ಈಸ್ಟ್ ಇಂಡಿಯಾ ಕಂಪನಿಯ ಸಿಪಾಯಿಗಳು ಹೊತ್ತದ್ದು ಇದನ್ನೇ. ಮೂರನೆಯದು ಕೇಪಿನ ಬಂದೂಕು. ಸಣ್ಣ ತಾಮ್ರದ ಟೋಪಿಯಂಥ ಕೇಪು, ಅದರ ಮೇಲೆ ಕುದುರೆ ಬಡಿದರೆ ಢಂ. ಕಂಪನಿ ಸೈನ್ಯಕ್ಕೆ ಈ ಕೇಪಿನ ಬಂದೂಕು ಬಂದದ್ದು 1840ರ ದಶಕದ ಹೊತ್ತಿಗೆ.

ಈಗ ನಮ್ಮ ಇತಿಹಾಸದ ಇಸವಿ ಪಕ್ಕಕ್ಕೆ ಇಟ್ಟುಕೊಳ್ಳಿ. ಕಿತ್ತೂರಿನ ಕೋಟೆ ಮುಂದೆ ಥ್ಯಾಕರೆ ಸತ್ತದ್ದು 1824ರ ಅಕ್ಟೋಬರ್ 23. ಅವನಿಗೆ ಗುಂಡು ಹೊಡೆದವನು ಅಮಟೂರ ಬಾಳಪ್ಪ ಅಂತ ನಾವೆಲ್ಲ ಕೇಳಿಕೊಂಡು ಬಂದಿದ್ದೇವೆ. ರಾಯಣ್ಣನನ್ನು ನಂದಗಡದಲ್ಲಿ ಗಲ್ಲಿಗೆ ಹಾಕಿದ್ದು 1831. ಅಂದ್ರೆ ಬಾಳಪ್ಪನ ಕೈಯಲ್ಲಾಗಲಿ, ರಾಯಣ್ಣನ ಕೈಯಲ್ಲಾಗಲಿ ಇರಬಹುದಾಗಿದ್ದು ಬತ್ತಿಯದು ಅಥವಾ ಚಕಮಕಿಯದು. ನಮ್ಮ ಗೋಡೆ ಮೇಲಿನದು ಕೇಪಿನದು.

ಕಾಕಾ ಕುದುರೆಯ ಕೆಳಗಿನ ಕಬ್ಬಿಣದ ತಗಡಿನ ಮೇಲೆ ಒಂದು ಹನಿ ಎಣ್ಣೆ ಹಾಕಿ, ಹತ್ತಿ ಬಟ್ಟೆಯಿಂದ ಒರೆಸಿದರು. ಮೊದಲು ಒಂದು ಕಿರೀಟ ಕಂಡಿತು. ಕಿರೀಟದ ಕೆಳಗೆ ವಿ, ಆರ್, ವಿಕ್ಟೋರಿಯಾ ರಾಣಿಯ ಗುರುತು. ಮುಂದಕ್ಕೆ "ಟವರ್" ಅನ್ನೋ ಅಕ್ಷರ. ಅದರ ಮೇಲೆ ಇಸವಿ, 1861.

ರಾಯಣ್ಣ ಸತ್ತು ಮೂವತ್ತು ವರ್ಷದ ಮೇಲೆ ಇಂಗ್ಲೆಂಡಿನಲ್ಲಿ ತಯಾರಾದ ಬಂದೂಕು ಅದು.

ಯಾರೂ ಮಾತಾಡಲಿಲ್ಲ. ಅಣ್ಣನಿಗೆ ಎರಡು ಲಕ್ಷ ಹೋಯಿತು ಅನ್ನೋ ಬೇಜಾರು. ದೊಡ್ಡವ್ವನ ಬೇಜಾರು ಬೇರೆ. "ನಾ ಲಗ್ನ ಆಗಿ ಬಂದಾಗಿಂದ ಅದಕ್ಕ ರಾಯಣ್ಣನ ಹೆಸರಲೆ ಕುಂಕುಮ ಹಚ್ಚೀನಿ, ತಮ್ಮಾ. ನೀ ಬಂದು ಒಂದ್ ಹನಿ ಎಣ್ಣಿ ಹಾಕಿ ಎಲ್ಲಾ ಅಳಿಸಿದಿ," ಅಂದಳು. ನನಗೆ ಏನು ಹೇಳಬೇಕೋ ತಿಳೀಲಿಲ್ಲ. ನಿಜ ಹೇಳ್ತೀನಿ, ಆ ಕ್ಷಣ ಕಾಕಾನನ್ನು ಕರೆಸಿದ್ದೇ ತಪ್ಪಾಯ್ತೇನೋ ಅನ್ನಿಸಿತು.

ಆದರೆ ಕಾಕಾ ಇನ್ನೂ ಮುಗಿಸಿರಲಿಲ್ಲ.

ಸಂಗ್ರಹಕಾರರು ಎರಡನೆಯದಾಗಿ ನೋಡೋದು ಅಸಲಿತನ. ಫ್ಯಾಕ್ಟರಿಯಿಂದ ಬಂದಾಗ ಹೇಗಿತ್ತೋ ಹಾಗೇ ಇದೆಯೋ ಇಲ್ಲವೋ. ಇದನ್ನು ನಿಮಗೆ ಗೊತ್ತಿರೋ ಬಂದೂಕಿನಿಂದ ಹೇಳ್ತೀನಿ. ಪೊಲೀಸರ ಹೆಗಲ ಮೇಲೆ ವರ್ಷಾನುಗಟ್ಟಲೆ ಇದ್ದ "ತ್ರೀ ನಾಟ್ ತ್ರೀ" ನೆನಪಿದೆಯಲ್ಲ? ಲೀ ಎನ್‌ಫೀಲ್ಡ್. ಬಂಗಾಳದ ಇಶಾಪುರ ಫ್ಯಾಕ್ಟರಿಯಲ್ಲಿ ನಮ್ಮಲ್ಲೇ ಲಕ್ಷಗಟ್ಟಲೆ ತಯಾರಾದವು. ಅದರ ಬೋಲ್ಟಿನ ಹಿಡಿಕೆಯ ಮೇಲೆ ಒಂದು ನಂಬರ್, ಮೈಯ ಮೇಲೆ ಒಂದು ನಂಬರ್, ಮುಂದಿನ ಮೂತಿಯ ಮೇಲೆ ಇನ್ನೊಂದು. ಮೂರೂ ಒಂದೇ ಆಗಿದ್ದರೆ ಅದು ಹುಟ್ಟಿದಂತೆಯೇ ಉಳಿದ ಬಂದೂಕು. ಬೇರೆ ಬೇರೆ ಆಗಿದ್ದರೆ ಯಾವುದೋ ವರ್ಕ್‌ಶಾಪಿನಲ್ಲಿ ನಾಲ್ಕು ಬಂದೂಕು ಬಿಚ್ಚಿ ಒಂದು ಜೋಡಿಸಿದ್ದಾರೆ ಅಂತ ಅರ್ಥ. ಹೊರದೇಶದ ಸಂಗ್ರಹಕಾರರು ಈ ಒಂದು ಕಾರಣಕ್ಕೆ ಬೆಲೆಯಲ್ಲಿ ದೊಡ್ಡ ವ್ಯತ್ಯಾಸ ಮಾಡುತ್ತಾರೆ. "ಡಿ.ಪಿ." ಅಂತ ಒತ್ತಿದ್ದರೆ ಅದು ಕವಾಯತಿಗೆ ಮಾತ್ರ, ಗುಂಡು ಹಾರಿಸಬಾರದು ಅಂತ. ಎರಡು ಬಾಣದ ಮೊನೆ ಎದುರುಬದುರು ಇದ್ದರೆ ಸೈನ್ಯ ಅದನ್ನು ಮಾರಿಬಿಟ್ಟಿದೆ ಅಂತ. ಬಂದೂಕಿನ ಮೈಮೇಲೆ ಅದರ ಸರ್ವಿಸ್ ಬುಕ್ಕೇ ಇರುತ್ತದೆ, ಓದೋಕೆ ಬರಬೇಕು ಅಷ್ಟೇ. (ಹಾಂ, ಇದನ್ನು ಕೇಳಿ ತ್ರೀ ನಾಟ್ ತ್ರೀ ಹುಡುಕೋಕೆ ಹೊರಡಬೇಡಿ. ನಮ್ಮ ದೇಶದಲ್ಲಿ ಅದು ನಿಷೇಧಿತ ಬೋರ್. ಸಾಮಾನ್ಯ ಲೈಸೆನ್ಸ್ ಇದ್ದವರೂ ಇಟ್ಟುಕೊಳ್ಳುವ ಹಾಗಿಲ್ಲ.)

ನಮ್ಮದು ಅದಕ್ಕಿಂತ ಹಳೇದು, 1853ರ ಮಾದರಿಯ ಎನ್‌ಫೀಲ್ಡ್ ಕುಟುಂಬದ್ದು. 1857ರ ಪಾಠದಲ್ಲಿ ಓದಿರ್ತೀರಿ, ಕೊಬ್ಬು ಸವರಿದ ತೋಟಾದ ಗಲಾಟೆ. ಆ ತೋಟಾ ಬಂದದ್ದು ಈ ಬಂದೂಕಿನ ಜೊತೆಗೇ. ಅಸಲಿ ಇದ್ದರೆ ನಳಿಗೆ 39 ಇಂಚು, ಪೂರ್ತಿ ಉದ್ದ 55 ಇಂಚು, ನಳಿಗೆಯನ್ನು ಕಟ್ಟಿಗೆಗೆ ಬಿಗಿದ ಕಬ್ಬಿಣದ ಪಟ್ಟಿ ಮೂರು. ನಮ್ಮದರಲ್ಲಿ ಪಟ್ಟಿ ಎರಡೇ. ನಳಿಗೆಯನ್ನು ಯಾರೋ 30 ಇಂಚಿಗೆ ಕತ್ತರಿಸಿದ್ದಾರೆ. ಮುಂದಿನ ಗುರಿಯ ಮಣಿಯನ್ನು ಮತ್ತೆ ಬೆಸೆದದ್ದು ಸೊಟ್ಟಗಿದೆ. ಸಂಗ್ರಹಕಾರನ ಕಣ್ಣಲ್ಲಿ ಅರ್ಧಕ್ಕಿಂತ ಹೆಚ್ಚು ಬೆಲೆ ಅಲ್ಲೇ ಬಿತ್ತು.

ಮೂರನೆಯದು ಸ್ಥಿತಿ. ಇಲ್ಲಿ ನಮ್ಮ ಮನೆಯವರೇ ಅಪರಾಧಿಗಳು. ಮಾನೌಮಿ ಬಂತಂದ್ರೆ ಅಣ್ಣ ಪಾಲಿಶ್ ಪೇಪರ್ ತಗೊಂಡು ತಿಕ್ಕಲಿಕ್ಕೆ ಕೂಡುತ್ತಿದ್ದ. ಕಬ್ಬಿಣ ಕನ್ನಡಿಯಂಗ ಹೊಳೀಬೇಕು, ಇಲ್ಲಾಂದ್ರೆ ಪೂಜೆ ಏನು ಚೆಂದ? ಕಟ್ಟಿಗೆಗೆ ಬಾಗಿಲಿಗೆ ಹಚ್ಚೋ ವಾರ್ನಿಶ್. ಆದರೆ ನೂರೈವತ್ತು ವರ್ಷದಲ್ಲಿ ಕಬ್ಬಿಣದ ಮೇಲೆ ತಾನಾಗೇ ಕೂತ ಕಂದು ಬಣ್ಣವೇ ಅದರ ವಯಸ್ಸಿನ ಸಾಕ್ಷಿ. ಅದನ್ನು ತಿಕ್ಕಿ ತೆಗೆದರೆ ಮತ್ತೆ ಬರಲ್ಲ. ಅದರ ಜೊತೆಗೆ ಗುರುತಿನ ಅಕ್ಷರಗಳೂ ಸವೆಯುತ್ತವೆ. ಕಾಕಾ ಒಂದು ಸುಲಭದ ಪರೀಕ್ಷೆ ತೋರಿಸಿದರು. ಕಟ್ಟಿಗೆ ಮತ್ತು ಕಬ್ಬಿಣ ಸೇರುವ ಕಡೆ ಉಗುರು ಆಡಿಸಿ ನೋಡಿ. ಫ್ಯಾಕ್ಟರಿಯಲ್ಲಿ ಎರಡೂ ಸಮ ಇರುತ್ತವೆ. ಉಗುರು ಕಬ್ಬಿಣದ ಅಂಚಿಗೆ ತಡೆದರೆ ಕಟ್ಟಿಗೆಯನ್ನು ಯಾರೋ ಉಜ್ಜಿ ತೆಳ್ಳಗೆ ಮಾಡಿದ್ದಾರೆ. ಇನ್ನೊಂದು, ಸ್ಕ್ರೂಗಳ ತಲೆ ನೋಡಿ. ಗೀರು ಹರಿದು ಹೋಗಿದ್ದರೆ ಗೊತ್ತಿಲ್ಲದವರ ಕೈ ಆಡಿದೆ ಅಂತ ಲೆಕ್ಕ. ತುಕ್ಕು ಹಿಡಿದ ಬಂದೂಕಿಗಿಂತ ಹೊಳೆಯೋ ಬಂದೂಕಿಗೆ ಬೆಲೆ ಕಡಿಮೆ ಅಂದ್ರೆ ನಮ್ಮ ಅಣ್ಣ ಈಗಲೂ ನಂಬೋದಿಲ್ಲ.

2003ರಲ್ಲಿ ಅಮೆರಿಕದ ಎರಡು ಕಂಪನಿಗಳು ಕಾಠ್ಮಂಡುವಿನ ಲಗನ್ ಸಿಲೇಖಾನಾ ಅನ್ನೋ ನೇಪಾಳ ಸೈನ್ಯದ ಹಳೇ ಆಯುಧಶಾಲೆಯ ಸರಕನ್ನು ಖರೀದಿ ಮಾಡಿದವು. ಹತ್ತಾರು ಸಾವಿರ ಬಂದೂಕು. ಅದರಲ್ಲಿ ಒಂದಷ್ಟನ್ನು ತೊಳೆದು ಮಾರಿದರು, ಒಂದಷ್ಟನ್ನು ಶತಮಾನದ ಧೂಳು, ಜಿಡ್ಡು ಹಾಗೇ ಇಟ್ಟು ಮಾರಿದರು. ಧೂಳು ಸಮೇತ ಬೇಕು ಅಂತ ದುಡ್ಡು ಕೊಟ್ಟು ಕೊಳ್ಳೋರೂ ಇದ್ದಾರೆ ನೋಡ್ರಿ! ಅಷ್ಟು ಮಾಲು ಒಮ್ಮೆಲೇ ಮಾರ್ಕೆಟ್ಟಿಗೆ ಬಂದರೆ ಅಪರೂಪದ್ದು ಅನ್ನಿಸಿಕೊಂಡದ್ದೂ ಅಪರೂಪವಾಗಿ ಉಳಿಯೋದಿಲ್ಲ. ನಮ್ಮಲ್ಲಿ ಉಳ್ಳಾಗಡ್ಡಿ ಲಾರಿ ಬಂದಂಗ.

ಹಾಗಾದರೆ ನಮ್ಮ ಭಾಗದಲ್ಲಿ ಅಂಥ ಹಳೇ ಬಂದೂಕು ಯಾಕೆ ಅಷ್ಟು ಕಡಿಮೆ? ದೇಸಾಯರು, ಸಂಸ್ಥಾನಿಕರು ತುಂಬಿದ್ದ ನಾಡಲ್ಲವೇ ಇದು? ಉತ್ತರ 1857ರ ನಿಶ್ಶಸ್ತ್ರೀಕರಣ ಕಾಯ್ದೆ. ಲೈಸೆನ್ಸ್ ಇಲ್ಲದ ಆಯುಧ ಸರ್ಕಾರಕ್ಕೆ ಒಪ್ಪಿಸಬೇಕು ಅಂತ ಆಯ್ತು. ರಾಮದುರ್ಗದಿಂದ ಉತ್ತರಕ್ಕೆ, ಮುಧೋಳ ಕಡೆಯ ಹಲಗಲಿಯ ಬೇಡರು ಕೊಡೋದಿಲ್ಲ ಅಂದರು. ಆ ವರ್ಷದ ನವೆಂಬರ್ ಕೊನೆಗೆ ಊರಿಗೇ ಬೆಂಕಿ ಬಿತ್ತು. ಆ ಹಾಡು ಲಾವಣಿಯವರ ಬಾಯಲ್ಲಿ ಇನ್ನೂ ಇದೆ. ಮುಂದಿನ ವರ್ಷ, 1858ರ ಮೇ 29ರ ರಾತ್ರಿ, ಇದೇ ರಾಮದುರ್ಗ ತಾಲೂಕಿನ ಸುರೇಬಾನದಲ್ಲಿ ನರಗುಂದದ ಬಾಬಾಸಾಹೇಬನ ಕಡೆಯವರು ಮ್ಯಾನ್ಸನ್ ಅನ್ನೋ ಇಂಗ್ಲಿಷ್ ಅಧಿಕಾರಿಯನ್ನು ಕೊಂದರು. ವಾರ ಕಳೆಯೋದರೊಳಗೆ ನರಗುಂದ ಬಿತ್ತು, ಜೂನ್ 12ಕ್ಕೆ ಬಾಬಾಸಾಹೇಬನಿಗೆ ಬೆಳಗಾವಿಯಲ್ಲಿ ಗಲ್ಲು. ಅದಾದ ಮೇಲೆ ಈ ಭಾಗದ ಹಳ್ಳಿಯಲ್ಲಿ ಒಬ್ಬ ರೈತನ ಹತ್ತಿರ ಬಂದೂಕು ಇದೆ ಅಂದ್ರೆ ಅದಕ್ಕೆ ಸರ್ಕಾರದ ಕಾಗದ ಬೇಕೇ ಬೇಕು.

ಇಲ್ಲಿ ನಮ್ಮ ಬಂದೂಕಿನ ಕಥೆ ತಿರುಗಿತು.

ಹಳೇ ಸಾಮಾನಿನವನು ಬೆಲೆ ಇಳಿಸೋಕೆ ಒಂದು ಮಾತು ಹೇಳಿದ್ದ: "ಒಳಗ ಸುರುಳಿ ಗೆರಿ ಇಲ್ಲ, ಯಾರೋ ಕಮ್ಮಾರ ಕೊರದು ಹಾಳ್ ಮಾಡ್ಯಾನ." ಎನ್‌ಫೀಲ್ಡ್ ಅಂದ್ರೆ ರೈಫಲ್. ನಳಿಗೆಯ ಒಳಗೆ ಮೂರು ಸುರುಳಿ ಗೆರೆ ಇರಬೇಕು, ಗುಂಡು ಗಿರಕಿ ಹೊಡೆಯುತ್ತಾ ಹೋಗೋದು ಅದರಿಂದಲೇ, ದೂರದ ಗುರಿ ಸಿಗೋದೂ ಅದರಿಂದಲೇ. ನಮ್ಮದರಲ್ಲಿ ಗೆರೆ ಇಲ್ಲ, ನುಣ್ಣಗಿದೆ. ಕಾಕಾ ವರ್ನಿಯರ್ ಹಚ್ಚಿ ನಳಿಗೆಯ ಬಾಯಿ ಅಳೆದರು. ಗೆರೆಯಿದ್ದ ಅಸಲಿ ಎನ್‌ಫೀಲ್ಡಿನ ಬೋರ್ ಪಾಯಿಂಟ್ 577 ಇಂಚು, ಅಂದ್ರೆ 14.7 ಮಿಲಿಮೀಟರ್. ನಮ್ಮದು 16.7ರ ಹತ್ತಿರ ಬಂತು. ಕಾಕಾ ಮತ್ತೊಮ್ಮೆ ಅಳೆದರು. ಆಮೇಲೆ ಹಿಂದಿನ ಗುರಿಯ ಕಡೆ ಬೆರಳಿಟ್ಟರು. ದೂರಕ್ಕೆ ತಕ್ಕಂತೆ ಏರಿಸಿ ಇಳಿಸುವ ಏಣಿ ಅಲ್ಲಿ ಇಲ್ಲ. ಇರೋದು ಒಂದು ಗಿಡ್ಡ ಕಬ್ಬಿಣದ ತುಂಡು, ಅದರಲ್ಲಿ ಒಂದು ಕಚ್ಚು. ಬೆಸೆದದ್ದು ಅಲುಗಾಡಿಲ್ಲ.

"ಇದನ್ನ ಕಮ್ಮಾರ ಹಾಳ್ ಮಾಡಿಲ್ಲ," ಅಂದ್ರು. "ಇದು ಹುಟ್ಟಿದ್ದೇ ಹಿಂಗ. ನಮ್ಮೋರಿಗಂತನ ಹಿಂಗ ಮಾಡಿದ್ದು."

ವಿಷಯ ಏನಂದ್ರೆ, 1857ರ ಹೊಡೆತ ತಿಂದ ಮೇಲೆ ಬ್ರಿಟಿಷರು ಭಾರತೀಯ ಸಿಪಾಯಿಗಳ ಕೈಗೆ ಗೆರೆಯಿದ್ದ ಎನ್‌ಫೀಲ್ಡ್ ಕೊಡೋದಕ್ಕೆ ಹೆದರಿದರು. ಗೋರಾ ಸಿಪಾಯಿಗೆ ಒಳ್ಳೇ ರೈಫಲ್, ಅದೇ ರೆಜಿಮೆಂಟಿನ ಪಕ್ಕದಲ್ಲಿ ನಿಲ್ಲುವ ನಮ್ಮ ಸಿಪಾಯಿಗೆ ನೋಡೋಕೆ ಅದರಂತೆಯೇ ಇರುವ, ಒಳಗೆ ಗೆರೆ ಇಲ್ಲದ ಬಂದೂಕು. ಅದಕ್ಕೆ 1858ರ ಮಾದರಿ ಅಂತ ಹೆಸರು. ಬೋರ್ ಪಾಯಿಂಟ್ 656 ಇಂಚು. ಏಣಿಯ ಗುರಿ ತೆಗೆದು ಗಿಡ್ಡ ಗುರಿ ಹಾಕಿದರು. ದೂರಕ್ಕೆ ಗುರಿಯೇ ಸಿಗದ ಮೇಲೆ ಏಣಿ ಯಾಕೆ? ಹೀಗೆ ಕೊರೆದ ನಳಿಗೆ ತೆಳ್ಳಗಾಗಿ ಬೇಗ ಬಾಗುತ್ತೆ, ತಗ್ಗು ಬೀಳುತ್ತೆ ಅಂತ ದೂರು ಬಂದು, ಮುಂದಿನ ಮಾದರಿಯಲ್ಲಿ ನಳಿಗೆ ದಪ್ಪ ಮಾಡಿದರು. ಗೆರೆ ಮಾತ್ರ ಕೊಡಲಿಲ್ಲ.

ಕತ್ತರಿಸಿದ ನಳಿಗೆ ಆದ್ದರಿಂದ ನೂರಕ್ಕೆ ನೂರು ಅಂತ ಕಾಕಾ ಹೇಳಲಿಲ್ಲ, "ಬಹುತೇಕ" ಅಂದರು. ನನಗೆ ಆ "ಬಹುತೇಕ" ಇಷ್ಟವಾಯಿತು. ಹಳೇ ಸಾಮಾನಿನವನ ಬಾಯಲ್ಲಿ ಆ ಶಬ್ದ ಒಮ್ಮೆಯೂ ಬಂದಿರಲಿಲ್ಲ.

ನಕಲಿ ಮಾಲಿನ ಬಗ್ಗೆ ಒಂದು ಮಾತು ಹೇಳಿ ಮುಂದೆ ಹೋಗ್ತೀನಿ. ಖೈಬರ್ ಕಣಿವೆಯ ಕಡೆ ಕೈಯಿಂದಲೇ ಎನ್‌ಫೀಲ್ಡ್, ಮಾರ್ಟಿನಿ ನಕಲು ಮಾಡೋ ಕಸುಬುದಾರರು ತಲೆಮಾರುಗಳಿಂದ ಇದ್ದಾರೆ. ಕೆಲಸ ಅದ್ಭುತ. ಆದರೆ ಅಕ್ಷರ ಓದೋಕೆ ಬಾರದವರು ಒತ್ತಿದ ಮುದ್ರೆಯಲ್ಲಿ ಎನ್ ಉಲ್ಟಾ ಇರುತ್ತೆ. ಕಿರೀಟದ ಕೆಳಗೆ ವಿ.ಆರ್., ಅದರ ಕೆಳಗೆ 1910ರ ನಂತರದ ಇಸವಿ ಇರುತ್ತೆ. ವಿಕ್ಟೋರಿಯಾ ಸತ್ತದ್ದು 1901ರಲ್ಲಿ! ಹಾಗೇ, ಕಂಪನಿಯ ಅಸಲಿ ಬಂದೂಕಿನ ತಗಡಿನ ಮೇಲೆ ಮೊದಲು ಹೃದಯದ ಆಕಾರದ ಮುದ್ರೆ, 1808ರ ನಂತರ ಹಿಂಗಾಲ ಮೇಲೆ ನಿಂತ ಸಿಂಹ. ಕಿತ್ತೂರಿನ ಯುದ್ಧದಲ್ಲಿ ಕಂಪನಿಯವರಿಂದ ಕಿತ್ತುಕೊಂಡ ಬಂದೂಕು ಅಂತ ಯಾರಾದರೂ ತಂದರೆ, ಚಕಮಕಿಯ ಕುದುರೆ ಇದೆಯಾ, ಸಿಂಹ ಇದೆಯಾ, ಇಸವಿ 1824ರ ಒಳಗಿದೆಯಾ ಅಂತ ನೋಡಬೇಕು. ಮೂರೂ ಇದ್ದರೂ ಅದು ಕಿತ್ತೂರಿನದು ಅಂತ ಸಾಬೀತಾಗೋದಿಲ್ಲ. ಕಿತ್ತೂರಿನದು ಆಗಿರಬಹುದು ಅಂತಷ್ಟೇ.

ಸಾಬೀತು ಮಾಡೋದು ಯಾವುದು ಹಾಗಾದ್ರೆ? ಕೈಯಿಂದ ಕೈಗೆ ಬಂದ ದಾರಿಯ ದಾಖಲೆ. ಸಂಗ್ರಹಕಾರರಿಗೆ ಇದು ಎಲ್ಲಕ್ಕಿಂತ ದೊಡ್ಡದು. 2019ರಲ್ಲಿ ಇಂಗ್ಲೆಂಡಿನ ಬರ್ಕ್‌ಷೈರ್‌ನ ಒಂದು ಮನೆಯ ಅಟ್ಟದಲ್ಲಿ ಟಿಪ್ಪು ಸುಲ್ತಾನನ ಆಯುಧಗಳು ಸಿಕ್ಕವು. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಮೇಜರ್ ಥಾಮಸ್ ಹಾರ್ಟ್ ಅನ್ನೋ ಕಂಪನಿ ಅಧಿಕಾರಿಯ ವಂಶದವರ ಮನೆ ಅದು. ಅದರಲ್ಲಿದ್ದ ಒಂದು ಬೆಳ್ಳಿ ಕೆಲಸದ ಚಕಮಕಿ ಬಂದೂಕು ಹರಾಜಿನಲ್ಲಿ 60,000 ಪೌಂಡಿಗೆ ಹೋಯಿತು. ಅದರ ಎಡಬದಿಗೆ ಜಖಂ ಆಗಿತ್ತು, ಯುದ್ಧದಲ್ಲಿ ಗುಂಡು ತಾಗಿರಬಹುದು ಅಂತ ಹರಾಜಿನವರು ಹೇಳಿದ್ದರು. ಬೇರೆ ಬಂದೂಕಿಗೆ ಜಖಂ ಆದರೆ ಬೆಲೆ ಇಳಿಯುತ್ತೆ. ಇದಕ್ಕೆ ಆ ಜಖಮ್ಮೇ ಸಾಕ್ಷಿ. ನಮ್ಮ ನಾಡಿನ ಬಂದೂಕಿಗೆ ಇಂಗ್ಲೆಂಡಿನ ಅಟ್ಟದಲ್ಲಿ ಕಾಗದಪತ್ರ ಸಮೇತ ಬೆಲೆ ಬಂತು, ಅದೂ ದೋಚಿಕೊಂಡು ಹೋದವನ ಹೆಸರಿನಿಂದ. ಇದನ್ನು ಹೇಳೋವಾಗ ನನಗೆ ಒಳಗೊಳಗೇ ಸಿಟ್ಟು ಬರ್ತದೆ, ಇರಲಿ.

ನಮ್ಮ ಮನೆಯಲ್ಲೂ ಕಾಗದ ಇತ್ತು. ದೊಡ್ಡಪ್ಪನ ಟ್ರಂಕಿನ ತಳದಲ್ಲಿ, ಹೊಲದ ಉತಾರದ ಜೊತೆ, ಬಟ್ಟೆಯಲ್ಲಿ ಸುತ್ತಿ ಇಟ್ಟ ಲೈಸೆನ್ಸ್ ಪುಸ್ತಕಗಳು. ಮೇಲಿನದು ದೊಡ್ಡಪ್ಪನದು. ಕೆಳಗಿನದು ಅಜ್ಜನದು, ಮುಂಬೈ ಪ್ರಾಂತದ ಕಾಲದ್ದು, 1938. ಉದ್ದೇಶ ಬೆಳೆ ರಕ್ಷಣೆ. ಜೋಳದ ಹೊಲಕ್ಕೆ ಬರುವ ಹಂದಿ ಓಡಿಸೋಕೆ. ಅದರಲ್ಲಿ ಬರೆದ ನಂಬರ್ ನಳಿಗೆಯ ತಳದಲ್ಲಿ ಒತ್ತಿದ ನಂಬರಿಗೆ ಸರಿಯಾಗಿ ಹೊಂದಿತು. ಪಕ್ಕದಲ್ಲಿ ಗುಮಾಸ್ತನ ಕೈಬರಹ, ನಳಿಗೆ ಕತ್ತರಿಸಿದೆ ಅಂತ. ಅಂದ್ರೆ ಕತ್ತರಿಸಿದವರು ನಮ್ಮ ದೊಡ್ಡಪ್ಪ ಅಲ್ಲ, 1938ಕ್ಕಿಂತ ಮೊದಲೇ ಆದದ್ದು. ಸಿಪಾಯಿಯ ಕೈಯಿಂದ ಬಿದ್ದ ಮೇಲೆ ಹೊಲದಲ್ಲಿ ಹೊತ್ತು ತಿರುಗೋಕೆ ಹಗುರ ಆಗಲಿ ಅಂತ ಯಾರೋ ಮಾಡಿಸಿದ್ದು. ಹಳೇ ಸಾಮಾನಿನವನು ಈ ಪುಸ್ತಕದ ಬಗ್ಗೆ ಕೇಳಿಯೇ ಇರಲಿಲ್ಲ. ನಿಜವಾಗಿ ಕೊಳ್ಳೋನಾಗಿದ್ದರೆ ಮೊದಲು ಕೇಳಬೇಕಾದದ್ದು ಅದನ್ನೇ.

ಅಣ್ಣನಿಗೆ ಇದನ್ನೆಲ್ಲ ಹೇಳಿದೆ. ಅವನು ಕೇಳಿದ ಪ್ರಶ್ನೆ ಸರಿಯಾಗಿಯೇ ಇತ್ತು. "ಇಷ್ಟೆಲ್ಲ ಕತಿ ಹೇಳಿದಿ, ಈಗ ರೇಟ್ ಎಷ್ಟು?" ಗೂಗಲ್ ಮಾಡಿದರೆ ಡಾಲರ್ ಲೆಕ್ಕ ಬರುತ್ತೆ. ಆ ರೇಟು ನಮಗೆ ಅನ್ವಯ ಆಗೋದಿಲ್ಲ. ನೂರು ವರ್ಷ ದಾಟಿದ ಐತಿಹಾಸಿಕ ವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯೋಕೆ 1972ರ ಪುರಾವಸ್ತು ಕಾಯ್ದೆ ಬಿಡೋದಿಲ್ಲ. ಒಳಗೆ ಮಾರೋಕೂ ಕೊಳ್ಳೋನ ಹತ್ತಿರ ಲೈಸೆನ್ಸ್ ಬೇಕು. ದಾರಿಹೋಕನ ಕೈಗೆ ನಲವತ್ತು ಸಾವಿರಕ್ಕೆ ಕೊಟ್ಟರೆ ಅದು ಮಾರಾಟ ಅಲ್ಲ, ಕೇಸು. ಹಳೇದು ಅಂದ್ರೆ ಲೈಸೆನ್ಸ್ ಬೇಡ ಅಂತ ಬಹಳ ಜನ ಅಂದುಕೊಂಡಿದ್ದಾರೆ. 1959ರ ಆಯುಧ ಕಾಯ್ದೆಯ 45ನೇ ಕಲಂ ವಿನಾಯಿತಿ ಕೊಡೋದು ರಿಪೇರಿ ಮಾಡಿದರೂ ಗುಂಡು ಹಾರಿಸೋಕೆ ಆಗದಂಥ ಆಯುಧಕ್ಕೆ ಮಾತ್ರ. ಮದ್ದು ತುಂಬಿ ಗೋಡೆ ಮೇಲೆ ಕೂತಿದ್ದ ನಮ್ಮದು ಆ ಲೆಕ್ಕಕ್ಕೆ ಹೇಗೆ ಬರುತ್ತೆ?

ನಮ್ಮದೂ ಒಂದು ತಪ್ಪಿತ್ತು. ಲೈಸೆನ್ಸ್‌ದಾರ ತೀರಿಕೊಂಡರೆ ತಡ ಮಾಡದೆ ಬಂದೂಕನ್ನು ಠಾಣೆಯಲ್ಲಿ ಅಥವಾ ಲೈಸೆನ್ಸ್ ಇರೋ ಗನ್ ಡೀಲರ್ ಹತ್ತಿರ ಜಮಾ ಮಾಡಬೇಕು. ನಾವು ಅಲಕ್ಷ್ಯ ಮಾಡಿದ್ವಿ. ಮರುದಿನವೇ ಠಾಣೆಗೆ ಹೋಗಿ, ಮರಣ ಪ್ರಮಾಣಪತ್ರ, ಎರಡೂ ಪುಸ್ತಕ ತೋರಿಸಿ, ಬೈಸಿಕೊಂಡು, ಜಮಾ ಮಾಡಿ ರಸೀದಿ ತಗೊಂಡೆವು. ಜಮಾ ಮಾಡೋಕೆ ಮುಂಚೆ ಕಾಕಾ ಎಲ್ಲ ಗುರುತುಗಳ ಫೋಟೋ ತೆಗೆಸಿ, ಅಳತೆ ಬರೆಸಿ, ಕಟ್ಟಿಗೆಯ ಮೇಲಿನ ಕುಂಕುಮದ ಕಲೆಯನ್ನೂ ಬರೆಸಿದರು. ನಾನು ಅದು ಯಾಕೆ ಅಂದೆ. "ಅದೂ ಬಂದ ದಾರಿನ," ಅಂದ್ರು.

ಅಫಿಡವಿಟ್ ಮಾತು ಏನಾಯ್ತು ಅಂತ ಕೇಳ್ತೀರಿ. ಅಣ್ಣ ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಮೂರನೇ ದಿನ ಹಳೇ ಸಾಮಾನಿನವನು ಮತ್ತೆ ಬಂದ, ಬಾಂಡ್ ಪೇಪರ್ ಜೊತೆಗೇ. ಅವನಿಗೆ ಉತ್ತರ ಕೊಟ್ಟವಳು ದೊಡ್ಡವ್ವ. "ಅದು ರಾಯಣ್ಣಂದಲ್ಲಂತ. ನನಗ ಗೊತ್ತಾದ ಮ್ಯಾಲೆ ಅವನ ಹೆಸರಿನ್ಯಾಗ ಸುಳ್ಳು ಸಹಿ ಹ್ಯಾಂಗ ಮಾಡ್ಲಿ? ಹಂಡೇ ಬೇಕಾದ್ರ ಒಯ್ಯಿ." ಅವನು ಹಂಡೆ ಒಯ್ದ, ಅದಕ್ಕೂ ಕಡಿಮೆ ರೇಟು ಕೊಟ್ಟು. ಮಗಳ ಫೀಸಿಗೆ ಅಣ್ಣ ಸೊಸೈಟಿಯಲ್ಲಿ ಸಾಲ ಮಾಡಿದ. ಆ ಬಡ್ಡಿ ಅವನೇ ಕಟ್ಟಬೇಕು, ನಾನಲ್ಲ, ಅದು ನನಗೆ ಗೊತ್ತಿದೆ.

ಈಗ ಎರಡು ಅರ್ಜಿ ಬರೆದು ಇಟ್ಟಿದ್ದೇವೆ. ಒಂದು, ವಾರಸಾ ಪ್ರಕಾರ ಲೈಸೆನ್ಸ್ ಅಣ್ಣನ ಹೆಸರಿಗೆ ಮಾಡಿಕೊಡಿ ಅಂತ. ಇನ್ನೊಂದು, ಕಿತ್ತೂರು ಕೋಟೆಯೊಳಗಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ, ಲೈಸೆನ್ಸ್ ಪುಸ್ತಕದ ಸಮೇತ ತಗೊಳ್ತೀರಾ ಅಂತ. ರಾಯಣ್ಣನ ಬಂದೂಕು ಅಂತ ಅಲ್ಲ, ಗೆರೆ ಇಲ್ಲದ ಬಂದೂಕು ಅಂತ. ಯಾವುದನ್ನು ಕಳಿಸಬೇಕು ಅನ್ನೋದರ ಮೇಲೆ ಮನೆಯಲ್ಲಿ ಇನ್ನೂ ಎರಡು ಪಾರ್ಟಿ ಇವೆ. ದೊಡ್ಡವ್ವ ಯಾವ ಪಾರ್ಟಿ ಅಂತ ಹೇಳೋದಿಲ್ಲ. ಈ ಮಾನೌಮಿಗೆ ಗೂಟದ ಕೆಳಗೆ ಠಾಣೆಯ ರಸೀದಿ ಇಟ್ಟು, ಅದಕ್ಕೇ ಕುಂಕುಮ ಹಚ್ಚಿದಳು.

ನಿಮ್ಮ ಮನೆಯ ಅಟ್ಟದ ಮೇಲೆ ಇಂಥದ್ದೇನಾದರೂ ಇದ್ದರೆ ತಿಕ್ಕಬೇಡಿ, ಬಾಯಿ ಕಡೆ ನಿಲ್ಲಬೇಡಿ, ಮೊದಲು ಅದರ ಪುಸ್ತಕ ಹುಡುಕಿ. ಮುಂದಿನ ವಾರ ಸಿಗೋಣ್ರಿ.